ಬಯಾಬಾಯಿ ಬಿಟ್ಟು ಬಂದ ಕೊಡ

ತಾನು ಸತ್ತು ನಲವತ್ತು ವರ್ಷದ ಮೇಲಾಯಿತು ಎಂಬ ಸುದ್ದಿ ಬಯಾಬಾಯಿಗೆ ಗೊತ್ತಾದದ್ದು ರೊಟ್ಟಿ ಬಡಿಯುತ್ತ ಕೂತಿದ್ದಾಗ. ಸುದ್ದಿ ತಂದವಳು ಬೇರೆ ಯಾರೂ ಅಲ್ಲ, ಸ್ವಂತ ಸೊಸೆ ಉಜ್ವಲಾ. ಬರೀ ಸುದ್ದಿ ತಂದಿದ್ದರೆ ಹೋಗಲಿ ಅನ್ನಬಹುದಿತ್ತು. ಈ ಹುಡುಗಿ ಅತ್ತೆ ಸತ್ತ ಜಾಗಕ್ಕೆ ಹೋಗಿ, ಹಸಿರು ಬಳೆ ಏರಿಸಿ, ಊದಿನಕಡ್ಡಿ ಹಚ್ಚಿ, ಕೈಮುಗಿದು, ಪ್ರಸಾದದ ಪುಟಾಣಿ-ಸಕ್ಕರೆಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದು ಅದೇ ಅತ್ತೆಯ ಕೈಗೆ ಕೊಟ್ಟಿದ್ದಳು. ಬಯಾಬಾಯಿ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಲೂ ಇದ್ದಳು.

ಉಜ್ವಲಾಳ ತಪ್ಪೇನೂ ಇಲ್ಲ ಬಿಡಿ. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೊಂದು ಸಲ ಎಲ್ಲಿಗಾದರೂ ಹೋಗಿಬರುವ ಹುಕಿ ಬರುತ್ತದೆ. ಈ ಸಲ ಎಲ್ಲರೂ ಕೂಡಿ ಗಾಡಿ ಮಾಡಿಕೊಂಡು, ಗಡಹಿಂಗ್ಲಜ ದಾಟಿ, ನೇಸರಿಯನ್ನೂ ದಾಟಿ ಯಾವುದೋ ಎತ್ತರದ ಬೆಟ್ಟದ ಊರಿಗೆ ಹೋಗಿ ಬಂದಿದ್ದರು. ಬಂದವಳಿಗೆ ಮೈಯಲ್ಲಿ ಇನ್ನೂ ಆ ಊರೇ ತುಂಬಿತ್ತು.

"ಏನ್ ಥಂಡಿ ಅಂತೀರಿ ಅತ್ತೀ! ಮಂಜು ಅಂದ್ರ ಮಂಜು, ಬಾಜೂಕ ನಿಂತ ಮಂದಿ ಕಾಣಂಗಿಲ್ಲ. ಅಲ್ಲೊಂದು ದೊಡ್ಡ ಕಡಾ, ಅಂದ್ರ ಕಡಿದಾದ ಬಂಡೆಗಲ್ಲು ಐತ್ರಿ. 'ಕಾನಡಿಣೀಚಾ ಕಡಾ' ಅಂತ ಬೋರ್ಡ್ ಹಾಕ್ಯಾರ. ಆಕಿ ನಮ್ಮ ಕನ್ನಡದಾಕೀನ ಅಂತ ನೋಡ್ರಿ. ಹೊಸದಾಗಿ ಲಗ್ನಾ ಮಾಡಿಕೊಂಡು ಬಂದಿದ್ಲಂತ. ಗಂಡನ ಮ್ಯಾಲ ಭಾಳ ಜೀವ. ಅಂವಾ ಒಂದ ಮಾತು ಜೋರ್ ಅಂದಿದ್ದಕ್ಕ ಮನಸ್ಸಿಗೆ ಹಚ್ಚಿಕೊಂಡು, ನೀರಿಗೆ ಹೋದಾಕಿ ಕಡಾದಿಂದ ಹಾರಿಬಿಟ್ಲಂತ. ಈಗೂ ಮಂಜು ಬಿದ್ದಾಗ ಕೂಗಿದ್ರ 'ಓ' ಅಂತಾಳಂತ. ನಾವೂ ಕೂಗಿದ್ವಿ."

"ಓ ಅಂದ್ಲೇನ?"

"ಅಂದ್ಲರೀ! ನಮ್ಮ ಶೆಡ್ಡಿನ ವಂದನಾ ಅಂತೂ ಗಳಗಳ ಅತ್ತಬಿಟ್ಲು."

ಕಡಿದಾದ ಬಂಡೆಯ ಮುಂದೆ ನಿಂತು ಕೂಗಿದರೆ ಬಂಡೆ ಓ ಅನ್ನದೆ ಇನ್ನೇನು ಅಂದೀತು? ಬಯಾಬಾಯಿಗೆ ನಗು ಬಂತು. "ಯಾವ ಊರವಾ ಅದು?" ಎಂದು ಕೇಳಿದಳು.

"ಧುಕೇಮಾಳ."

ಕೈಯಲ್ಲಿದ್ದ ರೊಟ್ಟಿ ನಡುವೆ ಹರಿಯಿತು. ಉಜ್ವಲಾ ಅದನ್ನು ನೋಡಲಿಲ್ಲ, ಅವಳು ಮೊಬೈಲಿನಲ್ಲಿ ಫೋಟೋ ಹುಡುಕುತ್ತಿದ್ದಳು. ಸಣ್ಣದೊಂದು ಸಿಮೆಂಟಿನ ಗುಡಿ. ಒಳಗೆ ಮೂರ್ತಿಯಿಲ್ಲ, ಅರಿಶಿನ ಕುಂಕುಮ ಬಳಿದ ತಾಮ್ರದ ಕೊಡವೊಂದಿದೆ. ಕೊಡದ ತುಂಬ ಹಸಿರು ಬಳೆ. ಕಂಠದ ಕೆಳಗೆ, ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ತವರೂರು ನೂಲದ ಮನೆಯ ಬಾವಿಯ ಕಟ್ಟೆಗೆ ಬಡಿದು ಆದ ತಗ್ಗು ಅದು. ತಗ್ಗು ಮಾಡಿಕೊಂಡು ಬಂದದ್ದಕ್ಕೆ ಬಯಾಬಾಯಿಗೆ ಅವ್ವ ಬೆನ್ನಿಗೆ ಎರಡು ಕೊಟ್ಟಿದ್ದಳು. ಆಮೇಲೆ ಲಗ್ನದಲ್ಲಿ ಅದೇ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕೈಗಿಟ್ಟಿದ್ದಳು.

ಫೋಟೋ ಆದಮೇಲೆ ವಿಡಿಯೋ. ಗುಡಿಯ ಮುಂದೆ ಬಿಳಿ ಟೊಪ್ಪಿಗೆಯ ಮುದುಕನೊಬ್ಬ ನಿಂತು, ಕಣ್ಣೊರೆಸಿಕೊಳ್ಳುತ್ತ, ಸತ್ತ ಹೆಂಡತಿಯ ಕತೆ ಹೇಳುತ್ತಿದ್ದಾನೆ. ಮೀಸೆ ಬೆಳ್ಳಗಾಗಿತ್ತು, ಆದರೆ ಮಾತಿನ ನಡುವೆ ಕತ್ತು ಒಂದು ಕಡೆ ಎಳೆಯುವ ಚಾಳಿ ಹೋಗಿರಲಿಲ್ಲ. ಮೊದಲ ಗಂಡ ರಾವಸಾಹೇಬ!

"ಇದು ನಮ್ಮವ್ವನ ಕೊಡ," ಅಂದಳು ಬಯಾಬಾಯಿ. "ಮತ್ತ ಆ ಸತ್ತಾಕಿ ನಾನ."

ಉಜ್ವಲಾಳ ಬಾಯಿ ತೆರೆದಿದ್ದು ತೆರೆದಂತೆಯೇ ಉಳಿಯಿತು. ಬಯಾಬಾಯಿ ಬಾಯಲ್ಲಿದ್ದ ಪುಟಾಣಿಯನ್ನು ನುಂಗಿ, ಹರಿದ ರೊಟ್ಟಿಯನ್ನು ಮತ್ತೆ ಉಂಡೆ ಮಾಡಿ ಬಡಿಯತೊಡಗಿದಳು. ಆ ಬಡಿತಕ್ಕೆ ಪಕ್ಕದ ಮನೆಯವರು ಏನಾಯಿತೆಂದು ಇಣುಕಿದರು.

ಅವಳು ಧುಕೇಮಾಳದ ಸೊಸೆಯಾಗಿ ಹೋದಾಗ ಮೈಯಲ್ಲಿ ಇನ್ನೂ ಹುಡುಗಾಟಿಕೆ ಇತ್ತು. ಬೆಟ್ಟದ ಮೇಲಿನ ಊರು, ತಂಪು ಗಾಳಿ, ಗಂಡನದು ಸ್ವಂತ ಚಹಾದ ಅಂಗಡಿ ಎಂದು ಕೇಳಿ ಅಪ್ಪ ಖುಷಿಪಟ್ಟಿದ್ದ. ನೂಲದಲ್ಲಿ ಬೆಳೆದವಳಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು, ಬೆಟ್ಟದವರಿಗೆ ಮರಾಠಿ ಬಿಟ್ಟು ಬೇರೆ ತಿಳಿಯದು. ಊರಿಗೆ ಊರೇ ಅವಳನ್ನು 'ಕಾನಡೀಣ' ಅಂತಲೇ ಕರೆಯಿತು. ಅವಳಿಗೊಂದು ಹೆಸರಿದೆ ಎಂದು ಯಾರಿಗೂ ಅನಿಸಲಿಲ್ಲ. ಹೇಳಿದ್ದು ತಿಳಿಯದೆ ನಿಂತರೆ ರಾವಸಾಹೇಬನ ಕೈ ಬೀಸುತ್ತಿತ್ತು. ಒಮ್ಮೆ ಕುದಿಯುವ ಚಹಾದಿಂದ ತೆಗೆದ ಸೌಟಿನಲ್ಲೇ ಬಾರಿಸಿದ. ಅದರ ಗುರುತು ಇವತ್ತಿಗೂ ಮೊಣಕೈ ಮೇಲಿದೆ. ಗಂಡನ ಮೇಲೆ ಭಾಳ ಜೀವವಂತೆ! ಯಾವ ಬಾಯಿಂದ ಹೇಳುತ್ತಾನೋ ಆ ಮಾತು.

ನೀರಿಗೆ ಬಂಡೆಯ ಕಾಲುದಾರಿ ಇಳಿಯಬೇಕು. ಅರ್ಧಕ್ಕೆ ಝರಿ, ಇನ್ನೂ ಇಳಿದರೆ ತಳದ ವಾಡಿ, ನಾಲ್ಕು ಮನೆಯ ಹಳ್ಳಿ, ಅಲ್ಲಿ ಎಸ್‌ಟಿ ಬಸ್ಸು. ಸೌಟಿನ ಪೆಟ್ಟು ಬಿದ್ದ ಮರುದಿನ ಬೆಳಿಗ್ಗೆ ಕೊಡ ಹಿಡಿದು ಅಂಚಿಗೆ ಬಂದವಳು ಅಲ್ಲೇ ನಿಂತಳು. ಝರಿಯ ಹತ್ತಿರ ಯಾವಾಗಲೂ ಮಂದಿ. ಕೊಡ ಹೊತ್ತವಳು ಝರಿ ದಾಟಿ ಕೆಳಗಿಳಿದರೆ ಎಲ್ಲಿಗೆ ಎಂದು ಕೇಳುತ್ತಾರೆ, ಬರಿಗೈಯವಳನ್ನು ಯಾರೂ ಕೇಳುವುದಿಲ್ಲ. ಕೊಡವನ್ನು ಅಂಚಿನ ಮೇಲಿಟ್ಟು, ಮುಖ ಗುರುತು ಸಿಗದ ಮಂಜಿನಲ್ಲಿ ಇಳಿದಳು. ಇಳಿಯುವಾಗ ಕಾಲು ಜಾರಿ ಬಂಡೆಗೆ ಕೈ ಕೊಟ್ಟಾಗ ಬಳೆ ಒಡೆದು ಬಿದ್ದವು. ಅಷ್ಟೇ ನಡೆದದ್ದು. ಮೇಲಿನವರಿಗೆ ಸಿಕ್ಕಿದ್ದು ಒಂದು ಕೊಡ, ನಾಲ್ಕು ಬಳೆಚೂರು. ಅಷ್ಟಕ್ಕೇ ಅವಳನ್ನು ಕೊಂದು ದೇವರು ಮಾಡಿ ಕೂರಿಸಿದರು.

ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಅಳುತ್ತ ಕೂತವಳನ್ನು ಸಾವಕ್ಕ ಎಂಬ ಹೆಂಗಸು ಇಚಲಕರಂಜಿಗೆ ಕರೆದುಕೊಂಡು ಹೋದಳು. ತವರಿಗೆ ಹೋದರೆ ಅಪ್ಪ ಮರುದಿನವೇ ತಿರುಗಿ ಬೆಟ್ಟ ಹತ್ತಿಸುತ್ತಾನೆಂದು ಇಬ್ಬರಿಗೂ ಗೊತ್ತಿತ್ತು. ಸಾವಕ್ಕನೇ ಅವಳನ್ನು ಕಾಂಡಿ ಮಶೀನಿಗೆ ಹಚ್ಚಿದಳು. ಮಗ್ಗದ ಲಾಳಿಯೊಳಗೆ ಕೂರುವ ಕಡ್ಡಿಗಳಿಗೆ ನೂಲು ಸುತ್ತುವ ಕೆಲಸ. ದಿನವಿಡೀ ನಿಂತೇ ಇರಬೇಕು, ಸುತ್ತಲೂ ಮಗ್ಗಗಳ ಖಟಾಖಟಿ. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ಬಯಾಬಾಯಿಯ ಗಂಟಲಿಗೆ ಒಂದೇ ಅಳತೆ ಉಳಿಯಿತು. ಅವಳು ಗುಟ್ಟು ಹೇಳಿದರೆ ಓಣಿಯ ಆ ತುದಿಯಿಂದ ಯಾರಾದರೂ ಹೂಂ ಅನ್ನುತ್ತಾರೆ. ಮಗ್ಗ ನಡೆಸುತ್ತಿದ್ದ ಸಿದ್ರಾಮ ಅವಳ ಕತೆಯೆಲ್ಲ ಕೇಳಿಯೇ ಲಗ್ನವಾದ. ಒಳ್ಳೆಯ ಮನುಷ್ಯ, ಕೈಯೆತ್ತಿದವನಲ್ಲ. ಅವನು ತೀರಿಕೊಂಡು ಕೆಲವು ವರ್ಷವಾಯಿತು. ಮಗ ನಿಲೇಶ ಈಗ ಅದೇ ಶೆಡ್ಡಿನಲ್ಲಿದ್ದಾನೆ.

ರಾವಸಾಹೇಬನಿಗೆ ಅವಳು ಬದುಕಿರುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ, ಚೆನ್ನಾಗಿ ಗೊತ್ತಿತ್ತು. ನಿಲೇಶ ಕಂಕುಳ ಕೂಸಾಗಿದ್ದಾಗ ಬಟ್ಟೆ ಕೊಳ್ಳಲು ಇಚಲಕರಂಜಿಗೆ ಬಂದವನು ಶೆಡ್ಡಿನ ಬಾಗಿಲಲ್ಲಿ ಎದುರಾಗಿದ್ದ. "ಊರಾಗ ಹೇಳು, ನಾ ಇಲ್ಲೇ ಅದೇನಿ, ಆರಾಮ ಅದೇನಿ," ಎಂದು ಇವಳೇ ಹೇಳಿ ಕಳಿಸಿದ್ದಳು. ಅವನು ಗೋಣು ಹಾಕಿ ಹೋಗಿದ್ದ. ಹೇಳಿರುತ್ತಾನೆ, ಊರು ಬೈದು ಸುಮ್ಮನಾಗಿರುತ್ತದೆ ಎಂದುಕೊಂಡು ಅವಳು ಆ ಊರನ್ನೇ ಮರೆತಿದ್ದಳು. ಅವನೋ, ಹೆಂಡತಿ ಬಿಟ್ಟು ಹೋದಳು ಅಂದರೆ ಮಂದಿ ನಗುತ್ತಾರೆಂದು ಸತ್ತವಳನ್ನು ಸತ್ತಂತೆಯೇ ಇಟ್ಟು, ಇನ್ನೊಂದು ಲಗ್ನ ಮಾಡಿಕೊಂಡು, ಗುಡಿಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾನೆ.

"ನಾಳೆ ಹೋಗಿ ಕೊಡ ತರ್ತೇನಿ," ಅಂದಳು ಬಯಾಬಾಯಿ.

ನಿಲೇಶ ತಲೆ ಮೇಲೆ ಕೈ ಹೊತ್ತ. "ಯವ್ವಾ, ನಿನ್ನ ಮೊಣಕಾಲ ನೋಡಿಕೋ ಬೇ. ಇಲ್ಲಿ ಮಾಳಗಿ ಹತ್ತಾಕ ನಡು ನಡು ಕುಂಡ್ರತಿ. ತಾಮ್ರದ ಕೊಡಾನ ಬೇಕಂದ್ರ ಕೊಲ್ಹಾಪುರದಿಂದ ಹೊಸಾದ ತಂದಕೊಡ್ತೇನಿ."

"ಹೊಸಾದಕ್ಕ ನಮ್ಮವ್ವನ ಮನಿ ತಗ್ಗು ಇರತೈತೇನೋ?"

ಹಟಕ್ಕೆ ಬಿದ್ದ ಅವ್ವನನ್ನು ತಡೆಯುವುದಕ್ಕಿಂತ ಓಡುವ ಮಗ್ಗಕ್ಕೆ ಕೈ ಅಡ್ಡ ಹಿಡಿಯುವುದು ಸುಲಭ ಎಂದು ಅವನಿಗೆ ಗೊತ್ತು. ಉಜ್ವಲಾಳನ್ನು ಜೊತೆಗೆ ಕಳಿಸಿದ. ಉಜ್ವಲಾಳಿಗಂತೂ ಅತ್ತೆಗೆ ಬಳೆ ಏರಿಸಿ ಬಂದದ್ದು ಮನಸ್ಸನ್ನು ಕೊರೆಯುತ್ತಿತ್ತು, ದಾರಿಯುದ್ದಕ್ಕೂ ತಪ್ಪಾತರೀ ತಪ್ಪಾತರೀ ಅನ್ನುತ್ತಲೇ ಬಂದಳು. "ಬಳಿ ಏರಿಸಿದ್ದು ಇರಲಿ," ಅಂದಳು ಬಯಾಬಾಯಿ, "ಇಷ್ಟು ವರ್ಷ ನಿನ್ನ ಕೈಯಿಂದ ಒಂದು ಡಜನ್ ಬಳಿ ಕಂಡಿಲ್ಲ ನಾ. ಸತ್ತಮ್ಯಾಲರೆ ಏರಿಸಿದೆಲ್ಲ." ಬಸ್ಸಿನ ಅರ್ಧ ಮಂದಿ ತಿರುಗಿ ನೋಡಿದರು.

ತಳದ ವಾಡಿಯಲ್ಲಿ ಇಳಿದು ಜೀಪು ಹಿಡಿದರು. ಗಾಡಿಯ ರಸ್ತೆ ಬೆಟ್ಟವನ್ನು ಪೂರ್ತಿ ಬಳಸಿಕೊಂಡು, ಸುತ್ತಿ ಸುತ್ತಿ ಏರುತ್ತದೆ. ಮೇಲೆ ಬಂದಾಗ ಬಿಸಿಲೇರುವ ಹೊತ್ತು, ಆದರೂ ಮಂಜು ಸರಿದಿರಲಿಲ್ಲ. ಊರು ಬಯಾಬಾಯಿಗೆ ಗುರುತೇ ಸಿಗಲಿಲ್ಲ. ಅಂದಿನ ಹುಲ್ಲಿನ ಮನೆಗಳ ಜಾಗದಲ್ಲಿ ಬಣ್ಣಬಣ್ಣದ ಲಾಡ್ಜುಗಳಿದ್ದವು, ಸಾಲಾಗಿ ಮೆಕ್ಕೆತೆನೆ ಸುಡುವ ಬಂಡಿಗಳು, ಕುದುರೆ ಸವಾರಿ. ಬಂಡೆಯ ಕಡೆಯಿಂದ ಪ್ರವಾಸಿಗಳು "ಕಾನಡೀಣ ಬಾಯೀ!" ಎಂದು ಕೂಗುತ್ತಿದ್ದರು. ತನ್ನನ್ನು ಇಷ್ಟು ಮಂದಿ ಇಷ್ಟು ಪ್ರೀತಿಯಿಂದ ಈ ಊರಲ್ಲಿ ಹಿಂದೆಂದೂ ಕರೆದಿರಲಿಲ್ಲ ಅಂದುಕೊಂಡಳು.

ಗುಡಿಯ ಎದುರಿಗೇ ಚಹಾದ ಅಂಗಡಿ. ಒಲೆಯ ಹಿಂದೆ ಒಬ್ಬ ಹುಡುಗಿ ಸೌಟು ಆಡಿಸುತ್ತಿದ್ದಳು. ಮಾತೆಲ್ಲ ಮರಾಠಿಯಲ್ಲೇ ಆಯಿತು. ಇಚಲಕರಂಜಿಯಲ್ಲಿ ಬಾಳಿದವಳಿಗೆ ಈಗ ಮರಾಠಿ ನಾಲಿಗೆ ತುದಿಯಲ್ಲೇ ಇತ್ತು. ನಾವು ಅದನ್ನು ನಮ್ಮ ಮಾತಿನಲ್ಲೇ ಕೇಳೋಣ.

"ನಿನ್ನ ಹೆಸರೇನವಾ?"

"ಪ್ರಾಜಕ್ತಾ. ಇದು ನಮ್ಮ ಅಜ್ಜನ ಅಂಗಡಿ. ಅಗೋ, ಗುಡಿ ಮುಂದ ಕತಿ ಹೇಳಾಕತ್ತಾರಲ್ಲ, ಅವರ ನಮ್ಮ ಅಜ್ಜ."

ರಾವಸಾಹೇಬನ ಮೊಮ್ಮಗಳು. ಬಯಾಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಚೂಟಿ ಹುಡುಗಿ, ಆದರೆ ಮುಖ ಬಾಡಿತ್ತು. ಒಲೆಯ ಪಕ್ಕದ ಮೊಳೆಗೆ ಬಿಳಿಯ ಕೋಟೊಂದು ಮಡಚಿದಂತೆಯೇ ನೇತಾಡುತ್ತಿತ್ತು. ಅದೇನೆಂದು ಕೇಳಿದಳು.

"ಗಡಹಿಂಗ್ಲಜದಾಗ ನರ್ಸಿಂಗ್ ಕಲ್ಯಾಕ ಹತ್ತಿದ್ನಿ. ತಳದ ವಾಡಿಯಿಂದ ಮುಂಜಾನೆ ಬಸ್ ಹೊಂಡತೈತಿ. ನಮ್ಮಣ್ಣ ಕಡಾದ ದಾರೀಲೆ ಇಳಿದು ಆರಾಮ ಹಿಡಿತಾನ. ನಾ ರಸ್ತಾ ಬಳಸಿ ಹೋಗಬೇಕು. ಅಷ್ಟೊತ್ತಿಗೆ ಜೀಪ್ ಇರಂಗಿಲ್ಲ. ಭಾಳ ದಿವಸ ತಪ್ಪಿದುವು. ಈ ಸೋಮವಾರದಿಂದ ಬರದಿದ್ರ ಹೆಸರು ಕಡಿತೇವಿ ಅಂದಾರ."

"ನೀನೂ ಕಡಾದ ದಾರೀಲೆ ಇಳಿ. ಯಾಕ, ಕಾಲಿಲ್ಲೇನ?"

ಪ್ರಾಜಕ್ತಾ ಹೆದರಿ ಗುಡಿಯ ಕಡೆ ನೋಡಿ ಕೈಮುಗಿದಳು. "ಹಂಗ ಅನಬ್ಯಾಡ್ರಿ ಆಜಿ. ಆ ದಾರಿ ಹೆಣ್ಣಮಕ್ಕಳಿಗೆ ಇಲ್ಲ. ಕಾನಡೀಣ ಹಾರಿದ ಮ್ಯಾಲ ಪಂಚರು ಬಂದ್ ಮಾಡ್ಯಾರ. ಹೆಣ್ಣಮಕ್ಕಳು ಇಳಿದ್ರ ಆಕಿ ಹೆಸರ ಹಿಡದು ಕರೀತಾಳ, ತನ್ನ ಸಂಗಾಟ ಕರಕೊಂಡ ಹೋಗ್ತಾಳ. ಗಂಡಸರಿಗೆ ಏನೂ ಮಾಡಂಗಿಲ್ಲ."

ಬಯಾಬಾಯಿಗೆ ಮೊದಲು ಸಿಟ್ಟು ಬರಲಿಲ್ಲ. ಈ ಊರಿನ ಹೆಣ್ಣುಮಕ್ಕಳು ಇಷ್ಟು ವರ್ಷ ಶಾಲೆಗೆ, ದವಾಖಾನೆಗೆ, ತವರಿಗೆ ಹೋಗಲು ಇಡೀ ಬೆಟ್ಟ ಸುತ್ತಿದ್ದಾರೆ. ಎಷ್ಟು ಬಾಣಂತಿಯರು, ಎಷ್ಟು ಹುಡುಗಿಯರು. ಎಲ್ಲ ತನ್ನ ಹೆಸರಿನಲ್ಲಿ! ಅವಳೊಬ್ಬಳು ಯಾವ ದಾರಿ ಹಿಡಿದು ಬದುಕಿಕೊಂಡಳೋ ಅದೇ ದಾರಿಗೆ ಅವಳನ್ನೇ ಕಾವಲು ಕೂರಿಸಿದ್ದರು. ಆಮೇಲೆ ಬಂತು ನೋಡಿ ಸಿಟ್ಟು. ಚಹಾದ ಲೋಟ ಬೆಂಚಿನ ಮೇಲೆ ಕುಕ್ಕಿ ಎದ್ದಳು.

ಗುಡಿಯ ಮುಂದೆ ರಾವಸಾಹೇಬ ಕತೆಯ ರಸದ ಭಾಗಕ್ಕೆ ಬಂದಿದ್ದ. ಪುಣೆಯ ಕಡೆಯ ಒಂದು ಕುಟುಂಬ ಸುತ್ತ ನಿಂತಿತ್ತು. "ಹೋಗುವಾಗ ತಿರುಗಿ ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರು," ಅನ್ನುತ್ತಿದ್ದ. ಬಯಾಬಾಯಿ ಗುಂಪಿನ ನಡುವೆ ನುಗ್ಗಿ ನಿಂತು ಅವನ ಮುಖವನ್ನೇ ನೋಡಿದಳು. ಅವನು ಕತ್ತು ಎಳೆದ. ಕಣ್ಣು ಅವಳ ಮುಖದಿಂದ ಮೊಣಕೈಯ ಗುರುತಿಗೆ ಹೋಯಿತು, ಅಲ್ಲಿಂದ ಮತ್ತೆ ಮುಖಕ್ಕೆ ಬಂತು. ಬಾಯಿಗೆ ಬಂದ ಕಣ್ಣೀರಿನ ಮಾತು ಅಲ್ಲೇ ಒಣಗಿತು. ಗುಂಪಿಗೆ ಚಹಾ ಕುಡಿದು ಬನ್ನಿ ಎಂದು ಹೇಳಿ, ಅವಳನ್ನು ಗುಡಿಯ ಹಿಂದಕ್ಕೆ ಕರೆದ.

"ಯಾಕ ಬಂದಿ?" ಎಂದು ಪಿಸುಗುಟ್ಟಿದ. "ಮೆಲ್ಲಗ ಮಾತಾಡು, ಕೈ ಮುಗಿತೇನಿ."

"ನಮ್ಮವ್ವನ ಕೊಡ ಒಯ್ಯಾಕ ಬಂದೇನಿ," ಅಂದಳು ಬಯಾಬಾಯಿ ಮೆಲ್ಲಗೆ. ಅವಳ ಮೆಲ್ಲಗೆ ಅಂದರೆ ಮೆಕ್ಕೆತೆನೆ ಸುಡುವವನು ಬೀಸಣಿಗೆ ನಿಲ್ಲಿಸಿದ.

"ಕೊಡ ಕಳಿಸ್ತೇನಿ. ಇವತ್ತ ಸಂಜೀಕ ಕಳಿಸ್ತೇನಿ. ಗುಡಿ ನಂಬಿಕೊಂಡು ಊರ ಮಂದಿ ಉಣ್ಣಾಕತ್ತಾರ. ನೀ ಬಂದದ್ದು ಗೊತ್ತಾದ್ರ ನನ್ನ ಮುಖಕ್ಕ ಉಗುಳ್ತಾರ. ಮುದುಕ ಆಗೇನಿ ಬಯಾ, ಇರೋದು ನಾಲ್ಕು ದಿನ. ಸತ್ತಾಕಿ ಸತ್ತಂಗ ಇರು."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬಯಾಬಾಯಿಗೆ ಒಂದು ಕ್ಷಣ ಅಯ್ಯೋ ಅನಿಸಿತು. ಸುಳ್ಳಲ್ಲ, ಅನಿಸಿತು. ಬೆಳಿಗ್ಗೆ ಮನೆಯಿಂದ ಹೊರಟಾಗ ಅವಳಿಗೆ ಬೇಕಾದದ್ದು ಕೊಡವೊಂದೇ, ಅದನ್ನು ಅವನು ಕೊಡುತ್ತೇನೆ ಅನ್ನುತ್ತಿದ್ದ. ತಿರುಗಿ ಹೋಗಬಹುದಿತ್ತು. ಅಷ್ಟರಲ್ಲಿ ಗುಡಿಯ ಪಕ್ಕದಿಂದ, ಎದುರಿನ ಅಂಗಡಿಯ ಮೊಳೆಯ ಮೇಲಿನ ಬಿಳಿ ಕೋಟು ಕಣ್ಣಿಗೆ ಬಿತ್ತು.

"ನಿನ್ನ ಮೊಮ್ಮಗಳನ್ನ ಕಡಾದ ದಾರೀಲೆ ಕಳಸ್ತೀಯೇನ?"

"ಅದು ಹೆಂಗ ಆಗತೈತಿ? ಪಂಚರು ಕೇಳ್ತಾರ. ಏನಂತ ಹೇಳ್ಲಿ?"

"ನೀ ಏನೂ ಹೇಳಬ್ಯಾಡ. ನೀ ಹೇಳಿದ್ದು ಸಾಕಾಗೇತಿ."

ಅಂದವಳೇ ಗುಡಿಯ ಮುಂದೆ ಬಂದಳು. ಕೊಡವನ್ನೆತ್ತಿ ಬೋರಲು ಹಾಕಿದಳು. ಹಸಿರು ಬಳೆಗಳೆಲ್ಲ ಜಗುಲಿಯ ಮೇಲೆ ಝಣಝಣ ಸುರಿದವು. "ಬಾಯಿ, ದೇವೀಚಾ ಘಡಾ!" ಎಂದು ಯಾರೋ ಕಿರುಚಿದರು, ದೇವಿಯ ಕೊಡ ಅಂತ. ಪ್ರಾಜಕ್ತಾ ಸೌಟು ಹಿಡಿದೇ ಓಡಿ ಬಂದಳು. ಉಜ್ವಲಾ ಸೆರಗು ಜಗ್ಗಿದಳು, "ಅತ್ತೀ, ಬ್ಯಾಡ್ರೀ, ಮೊಣಕಾಲು…" ಬಯಾಬಾಯಿ ಯಾರ ಮಾತಿಗೂ ನಿಲ್ಲಲಿಲ್ಲ. ಕಬ್ಬಿಣದ ಸರಳು ದಾಟಿ, ಹೆಣ್ಣುಮಕ್ಕಳು ಇಳಿಯಬಾರದು ಎಂದು ಬರೆದ ಹಲಗೆಯ ಪಕ್ಕದಿಂದ ಕಾಲುದಾರಿಗೆ ಇಳಿದು ಮಂಜಿನಲ್ಲಿ ಕಾಣದಾದಳು.

ಮೊದಲ ತಿರುವಿನಲ್ಲೇ ಮೊಣಕಾಲು ತನ್ನ ನೋವು ಸುರುಮಾಡಿತು. ಕೆಂಪು ಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳು ತುಳಿದು ತುಳಿದು ನುಣುಪಾಗಿದ್ದವು. ಗಂಡಸರ ಕಾಲೇ ತುಳಿದದ್ದು, ಅದೂ ಒಂದು ಹೊಟ್ಟೆಯುರಿ. ಬಲಗೈ ಬಂಡೆಗೆ ಕೊಟ್ಟು, ಎಡಗೈಯಲ್ಲಿ ಕೊಡ ಹಿಡಿದು, ಕೂಸು ಮೆಟ್ಟಿಲಿಳಿಯುವಂತೆ ಒಂದೊಂದೇ ಕಾಲು ಇಳಿಸಿದಳು. ಒಂದು ಕಡೆ ಮಳೆಗೆ ಮೆಟ್ಟಿಲು ಕೊಚ್ಚಿಹೋಗಿತ್ತು. ಕಾಲು ಜಾರಿತು. ಕವಳಿ ಕಂಟಿ ಕೈಗೆ ಸಿಕ್ಕಿತು, ಮುಳ್ಳು ಅಂಗೈಗೆ ನೆಟ್ಟಿತು, ಆದರೂ ಬಿಡಲಿಲ್ಲ. ಈಗ ನಿಜವಾಗಲೂ ಬಿದ್ದು ಸತ್ತರೆ ಆ ಮುದುಕನ ಕತೆ ಖರೇ ಆಗಿಬಿಡುತ್ತದೆ ಎಂಬುದು ನೆನಪಾಗಿ ಅವಳಿಗೆ ಹಿಡಿತ ಇನ್ನೂ ಬಿಗಿಯಾಯಿತು. ಅಷ್ಟು ಸುಖ ಅವನಿಗೆ ಕೊಡುವವಳಲ್ಲ ಅವಳು.

ಝರಿ ಇದ್ದಲ್ಲೇ ಇತ್ತು. ಬಂಡೆಯ ಸಂದಿನಿಂದ ಕೈಬೆರಳು ಗಾತ್ರದ ನೀರು. ಬಯಾಬಾಯಿ ಮೊದಲು ಮುಖ ತೊಳೆದುಕೊಂಡಳು, ಆಮೇಲೆ ಕೊಡದ ಮೈಮೇಲಿನ ಅರಿಶಿನ ಕುಂಕುಮವನ್ನು ಮಣ್ಣು ಹಚ್ಚಿ ತಿಕ್ಕಿದಳು. ತಾಮ್ರದ ಕೆಂಪು ಮೇಲೆ ಬಂತು. ತಗ್ಗಿನ ಮೇಲೆ ಹೆಬ್ಬೆರಳಿಟ್ಟು ನೋಡಿದಳು, ಸರಿಯಾಗಿ ಕೂತಿತು. ಅವ್ವನ ನೆನಪಾಯಿತು. ಮಗಳು ಸತ್ತಳೆಂದೇ ಅವ್ವ ತಿಳಿದಳೋ, ನೂಲಕ್ಕೂ ಅದೇ ಸುದ್ದಿ ಹೋಗಿತ್ತೋ ಏನೋ. ಅವಳು ಹೆದರಿ ತವರಿಗೆ ಹೋಗಿರಲಿಲ್ಲ, ಅವ್ವ ಹೋದ ಸುದ್ದಿ ಸಾವಕ್ಕನ ಬಾಯಿಂದ ಎಷ್ಟೋ ತಡವಾಗಿ ತಿಳಿದಿತ್ತು. ಕೂತು ಅಳುವುದಕ್ಕೆ ಅದು ಹೊತ್ತಲ್ಲ. ಸೆರಗನ್ನು ಸಿಂಬಿ ಸುತ್ತಿ, ತುಂಬಿದ ಕೊಡ ತಲೆಗೇರಿಸಿಕೊಂಡು ಹತ್ತತೊಡಗಿದಳು.

ಮೇಲೆ ಗಲಾಟೆಯೋ ಗಲಾಟೆ. ಊರ ಹೆಂಗಸರೆಲ್ಲ ಸರಳಿನ ಹತ್ತಿರ ಸೇರಿ ಎದೆ ಬಡಿದುಕೊಳ್ಳುತ್ತಿದ್ದರು. ಮುದುಕಿ ಹೋದಳು, ಕಾನಡೀಣ ಕರೆದುಕೊಂಡಳು ಎಂದು ಒಬ್ಬಳು. ಕಾನಡೀಣಳನ್ನೇ ಕೇಳಿಕೊಳ್ಳೋಣ ಎಂದು ಇನ್ನೊಬ್ಬಳು. ಎಲ್ಲರೂ ಕೂಡಿ ಮಂಜಿನೊಳಗೆ ಮುಖ ಮಾಡಿ ಕೂಗಿದರು: "ಕಾನಡೀಣ ಬಾಯೀ!"

"ಓ!" ಎಂದಿತು ಮಂಜು. "ಬಂದ್ನಿ, ತಡೀರಿ! ಚೀರಬ್ಯಾಡ್ರಿ, ಕಾಲು ತಪ್ಪತೈತಿ!"

ಬಂಡೆ ಇಷ್ಟು ಉದ್ದದ ಉತ್ತರ ಕೊಟ್ಟದ್ದು ಇದೇ ಮೊದಲು. ಪುಣೆಯ ಕುಟುಂಬ ಜೀಪಿನ ಕಡೆ ಓಡಿತು. ಕುದುರೆಯವನು ಕುದುರೆ ಬಿಟ್ಟು ಓಡಿದ. ಉಜ್ವಲಾ ಮಾತ್ರ ಸರಳು ಹಿಡಿದು ಅಳುತ್ತ ನಗುತ್ತ ನಿಂತಿದ್ದಳು. ಮಂಜಿನೊಳಗಿಂದ ಮೊದಲು ಹೊಳೆಯುವ ತಾಮ್ರದ ಕೊಡ ಕಂಡಿತು, ಅದರ ಕೆಳಗೆ ಬಯಾಬಾಯಿಯ ಬೆವೆತ ಮುಖ. ಸರಳು ದಾಟಲು ಉಜ್ವಲಾ ಕೈ ಕೊಟ್ಟಳು. ಮಂದಿ ತಾವಾಗಿಯೇ ಸರಿದು ದಾರಿ ಬಿಟ್ಟರು. ಅವಳು ಎಲ್ಲಿಯೂ ನಿಲ್ಲದೆ ನೇರ ಚಹಾದ ಅಂಗಡಿಗೆ ನಡೆದು, ಅಲ್ಲಿ ಒಲೆಯ ಹತ್ತಿರ ಸೇರಿಕೊಂಡಿದ್ದ ರಾವಸಾಹೇಬನ ಮುಂದೆ ನಿಂತಳು.

ತುಂಬಿದ ಕೊಡ ಹೊತ್ತು ಬಂದವಳ ತಲೆಯಿಂದ ಅದನ್ನು ಇಳಿಸಿಕೊಳ್ಳಲು ಮನೆಯವರೊಬ್ಬರು ಕೈ ಕೊಡಬೇಕು. ಎಲ್ಲ ಕಡೆ ಇರುವ ರೂಢಿ ಅದು. ಆ ಕಾಲದಲ್ಲಿ ಅವನು ಒಂದು ದಿನವೂ ಕೊಟ್ಟಿರಲಿಲ್ಲ. ಬಯಾಬಾಯಿ ಕೊಡ ಇಳಿಸಲಿಲ್ಲ, ಹಾಗೇ ನಿಂತಳು. ಊರೆಲ್ಲ ನೋಡುತ್ತಿತ್ತು.

"ಪಾಣೀ ಆಣಲಂಯ," ಅಂದಳು. "ಜರಾ ಉಶೀರ ಝಾಲಾ."

ನೀರು ತಂದೇನಿ, ಚೂರು ತಡಾ ಆತು. ಆ ಮಾತನ್ನು ಅವಳು ಬಿಡಿಸಿ ಬಿಡಿಸಿ ಹೇಳಿದಳು, ಯಾರಿಗೂ ತಿಳಿಯದೆ ಹೋಗಬಾರದೆಂದು. ಅವಳ ಗಂಟಲಿನ ಅಳತೆಗೆ ಕೊನೆಯ ಬಂಡಿಯವನಿಗೂ ಕೇಳಿತು.

ರಾವಸಾಹೇಬ ಕತ್ತು ಎಳೆದ. ಸುತ್ತ ನೋಡಿದ. ಸುಳ್ಳು ಹೇಳಲು ಇನ್ನೂ ಜಾಗವಿತ್ತು, ಯಾವುದೋ ಹುಚ್ಚು ಮುದುಕಿ ಅಂದುಬಿಡಬಹುದಿತ್ತು. ಅವನ ಕೈಗಳು ಮೇಲೆ ಬಂದವು. ಕೊಡದ ಎರಡೂ ಬದಿ ಹಿಡಿದ. ಹಿಡಿದು, ಮೆಲ್ಲಗೆ ಅವಳ ತಲೆಯಿಂದ ಇಳಿಸಿಕೊಂಡು ಬೆಂಚಿನ ಮೇಲಿಟ್ಟ. ಊರಿಗೆ ಅಷ್ಟು ಸಾಕಾಯಿತು. ಹಿಂದೆ ನಿಂತ ವಯಸ್ಸಾದ ಹೆಂಗಸೊಬ್ಬಳು "ಅಗ ಬಾಯೀ, ಕಾನಡೀಣ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

"ಬಯಾಬಾಯಿ," ಅಂದಳು ಬಯಾಬಾಯಿ. "ನನ್ನ ಹೆಸರು ಬಯಾಬಾಯಿ. ಯಾರನ್ನೂ ಕರಕೊಂಡ ಹೋಗಂಗಿಲ್ಲ ನಾ. ಬರಾವ್ರನ್ನ ಮಾತ್ರ ಬಸ್‌ತನಕ ಮುಟ್ಟಸ್ತೇನಿ."

ಪ್ರಾಜಕ್ತಾ ಅಜ್ಜನನ್ನು ನೋಡಿದಳು, ಸರಳಿನಾಚೆಯ ದಾರಿಯನ್ನು ನೋಡಿದಳು. ಮೊಳೆಯ ಮೇಲಿನ ಬಿಳಿ ಕೋಟು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು. ಆಮೇಲೆ, ಇಷ್ಟು ಹೊತ್ತೂ ಕೈಯಲ್ಲೇ ಇದ್ದ ಚಹಾದ ಸೌಟನ್ನು ಅಜ್ಜನ ಕೈಗೆ ಕೊಟ್ಟಳು. "ನಾಡಿದ್ದ ಸೋಮವಾರ," ಅಂದಳು. "ಗಡಹಿಂಗ್ಲಜದಾಗ ಚಿಗವ್ವನ ಮನಿಗೆ ಇವತ್ತ ಹೋಗಿರ್ತೇನಿ." ಅವನು ಸೌಟು ಹಿಡಿದು ನಿಂತ.

ಬಯಾಬಾಯಿ ನೀರನ್ನು ಅಂಗಡಿಯ ಪಾತ್ರೆಗೆ ಸುರಿದಳು. "ಕುದಿಸು. ಮಂದಿಗೆ ಚಹಾ ಕೊಡು. ಕತಿ ಕೇಳಿದ್ರ ಆಕಿ ತಿರುಗಿ ಬಂದ್ಲು ಅಂತ ಹೇಳು, ಇನ್ನೂ ಮಂದಿ ಬರ್ತಾರ," ಅಂದಳು. ಮೊಣಕಾಲನ್ನೊಮ್ಮೆ ನೀವಿಕೊಂಡು ದಾರಿಯ ಕಡೆ ಹೊರಟಳು. ಪ್ರಾಜಕ್ತಾ ಮುಂದೆ, ಉಜ್ವಲಾ ಹಿಂದೆ. ಸರಳಿನ ಹತ್ತಿರ ತಿರುಗಿ ನೋಡಿದರೆ ಕೂಸನ್ನೆತ್ತಿಕೊಂಡ ಇನ್ನೊಬ್ಬ ಹೆಂಗಸೂ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು, ಬರಲೋ ಬೇಡವೋ ಎಂದು.

"ಬಾರವಾ," ಅಂದಳು ಬಯಾಬಾಯಿ. ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಇಳಿಯತೊಡಗಿದಳು. ಈ ಸಲ ಅಂಚಿನ ಮೇಲೆ ಏನನ್ನೂ ಬಿಟ್ಟು ಹೋಗಲಿಲ್ಲ.